ವೈದ್ಯರಿಗೆ ಕಲಿಸಿದವರು ಎಲ್ಲಿ ಕಲಿತರು?

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹೊಸ ಡಾಕ್ಟರೊಬ್ಬರು ದವಾಖಾನೆ ತೆರೆದರೆ ಜನ ಮೊದಲು ಕೇಳುವುದು, ‘ಎಲ್ಲಿ ಓದ್ಯಾರಂತ?’ ಎಂದು. ಬಳ್ಳಾರಿಯಲ್ಲಿ ಓದಿದವರು, ಗುಲಬರ್ಗಾದಲ್ಲಿ ಓದಿದವರು, ಬೆಂಗಳೂರಿನಲ್ಲಿ ಓದಿದವರು ಎಂದು ಒಬ್ಬೊಬ್ಬರಿಗೂ ಒಂದೊಂದು ತೂಕ. ಹಿಂದಿನ ತಲೆಮಾರಿನವರ ಬಾಯಲ್ಲಿ ಹೈದರಾಬಾದಿನಲ್ಲಿ ಓದಿದ ಡಾಕ್ಟರಿಗೆ ಇನ್ನೂ ಹೆಚ್ಚಿನ ತೂಕವಿತ್ತು. ಆದರೆ ಇದರ ಹಿಂದೆಯೇ ಇರುವ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ಈ ಡಾಕ್ಟರು ಓದಿದ ಕಾಲೇಜನ್ನು ನಡೆಸಿದವರು ಎಲ್ಲಿ ಓದಿದವರು? ಯಾವ ಭಾಷೆಯಲ್ಲಿ, ಯಾವ ಆಸ್ಪತ್ರೆಯಲ್ಲಿ, ಯಾರ ಕೈಕೆಳಗೆ ಕಲಿತವರು?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ವೈದ್ಯಶಾಲೆಯ ಮುಖ್ಯಸ್ಥರು ತಾವು ಕಲಿತ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಮ್ಮ ಶಾಲೆಯನ್ನು ಕಟ್ಟುತ್ತಾರೆ. ಯಾರಿಗೆ ಪ್ರವೇಶ ಕೊಡಬೇಕು, ಯಾವ ಭಾಷೆಯಲ್ಲಿ ಪಾಠ ಹೇಳಬೇಕು, ಯಾವ ರೋಗಕ್ಕೆ ಹೆಚ್ಚು ಗಮನ ಕೊಡಬೇಕು, ಕಲಿತ ಹುಡುಗ ಯಾವ ಊರಿಗೆ ಹೋಗಬೇಕು ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತ ಬರುತ್ತದೆ. ಆ ತೀರ್ಮಾನದ ಫಲವನ್ನು ಉಣ್ಣುವವರು ಮಾತ್ರ ಬಹಳ ದೂರದ ಊರುಗಳ ರೋಗಿಗಳು. ಆದ್ದರಿಂದ ಸುಮಾರು 180 ವರ್ಷಗಳ ಈ ಕಥೆಯನ್ನು ದೂರದ ಊರುಗಳ ಕಡೆಯಿಂದಲೇ ನೋಡುವುದು ಒಳ್ಳೆಯದು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದರು. ನಿಜಾಮರ ಕಾಗದಪತ್ರಗಳಲ್ಲಿ ಅದು ದೋಆಬ್. ಮಧ್ಯೆ 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತಕ್ಕೆ ಸೇರಿದ್ದು ಬಿಟ್ಟರೆ 1956ರ ತನಕ ನಮ್ಮ ರಾಜಧಾನಿ ಹೈದರಾಬಾದು. ಲಿಂಗಸುಗೂರು ಆಗ ಇಂದಿನಂತೆ ಬರೀ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ ಅಲ್ಲಿತ್ತು. ಸಿಂಧನೂರು, ಕುಷ್ಟಗಿ, ಗಂಗಾವತಿ, ಶಹಾಪುರ, ಸುರಪುರಗಳನ್ನು ಒಳಗೊಂಡ ಲಿಂಗಸುಗೂರು ಜಿಲ್ಲೆಯೇ ಇತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ರಾಯಚೂರಿಗೂ ಗುಲಬರ್ಗಾಕ್ಕೂ ಹಂಚಿದರು. ಜಿಲ್ಲೆ ಹೋದರೆ ಜಿಲ್ಲೆಯ ಕಚೇರಿಗಳೂ ಹೋಗುತ್ತವೆ, ಕಚೇರಿಗಳ ಹಿಂದೆ ಅಧಿಕಾರಿಗಳೂ ಡಾಕ್ಟರುಗಳೂ ಹೋಗುತ್ತಾರೆ. ಮಸ್ಕಿಯ ಹೆಸರು 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದಾಗಿ ಜಗತ್ತಿಗೆಲ್ಲ ತಿಳಿಯಿತು. ವೈದ್ಯಶಿಕ್ಷಣದ ಚರಿತ್ರೆಯಲ್ಲಾದರೋ ಈ ಊರುಗಳ ಹೆಸರು ಎಲ್ಲೂ ಬರುವುದಿಲ್ಲ. ಆದರೆ ಆ ಚರಿತ್ರೆಯ ಪರಿಣಾಮ ಇಲ್ಲಿಯ ಪ್ರತಿ ಮನೆಯಲ್ಲೂ ಇದೆ.

1846ರಲ್ಲಿ, ನಾಲ್ಕನೆಯ ನಿಜಾಮ ನಾಸಿರುದ್ದೌಲಾ ಅವರ ಕಾಲದಲ್ಲಿ, ಹೈದರಾಬಾದ್ ಮೆಡಿಕಲ್ ಸ್ಕೂಲ್ ಆರಂಭವಾಯಿತು. ಅದನ್ನು ಕಟ್ಟಿದವರು ರೆಸಿಡೆನ್ಸಿಯ ಸರ್ಜನ್ ವಿಲಿಯಂ ಕ್ಯಾಂಪ್‌ಬೆಲ್ ಮ್ಯಾಕ್ಲೀನ್. ನಿಜಾಮರ ಕಾಯಿಲೆಯನ್ನು ಅವರು ಔಷಧಿಗಿಂತ ಹೆಚ್ಚಾಗಿ ಪಥ್ಯದಿಂದಲೇ ಹತೋಟಿಗೆ ತಂದರು, ಅದರಿಂದ ಸಂತೋಷಗೊಂಡ ನಿಜಾಮರು ಶಾಲೆಗೆ ಒಪ್ಪಿದರು ಎಂಬುದು ಹೈದರಾಬಾದಿನಲ್ಲಿ ಹೇಳಿಕೊಂಡು ಬಂದ ಮಾತು. ಮ್ಯಾಕ್ಲೀನ್ ಸ್ಕಾಟ್ಲೆಂಡಿನವರು, ಎಡಿನ್‌ಬರೋ ವಿದ್ಯಾಪೀಠದ ಪದವೀಧರರು. ಆದರೆ ಅವರು ಕಟ್ಟಿದ ಶಾಲೆಯಲ್ಲಿ ಪಾಠ ನಡೆದದ್ದು ಉರ್ದುವಿನಲ್ಲಿ. ಪಾಸಾದವರಿಗೆ ಕೊಟ್ಟ ಬಿರುದು ‘ಹಕೀಮ್’. ವಿದ್ಯೆ ಎಡಿನ್‌ಬರೋದ್ದು, ಭಾಷೆ ಈ ನಾಡಿನದು, ಬಿರುದು ಯುನಾನಿ ಪರಂಪರೆಯದು. ಅವರ ನಂತರ ಬಂದ ಜಾರ್ಜ್ ಸ್ಮಿತ್ ಅದೇ ದಾರಿಯಲ್ಲಿ ನಡೆದು 1850ರ ದಶಕದಲ್ಲಿ ಉರ್ದುವಿನಲ್ಲೇ ಒಂದು ವೈದ್ಯಪತ್ರಿಕೆಯನ್ನು ಹೊರಡಿಸಿದರು.

ಇವರಿಗೆ ಉರ್ದು ಯಾಕೆ ಬೇಕಾಯಿತು? ಬ್ರಿಟಿಷ್ ಇಂಡಿಯಾದಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜು 1835ರಲ್ಲೇ ಇಂಗ್ಲಿಷಿನಲ್ಲಿ ಶುರುವಾಗಿತ್ತು. ಹೈದರಾಬಾದಿನ ಡಾಕ್ಟರುಗಳು ಸೈನ್ಯದ ಜೊತೆ ಬಂದವರು, ಸಿಪಾಯಿಗಳ ಜೊತೆ ದಿನಾ ಮಾತಾಡಬೇಕಾದವರು. ರೋಗಿಯ ಮಾತು ತಿಳಿಯದ ವೈದ್ಯನಿಂದ ಉಪಯೋಗ ಕಡಿಮೆ ಎಂಬುದು ಅವರಿಗೆ ಕೆಲಸದಲ್ಲೇ ಗೊತ್ತಾಗಿರಬೇಕು. ಮ್ಯಾಕ್ಲೀನ್ ಮುಂದೆ ಇಂಗ್ಲೆಂಡಿಗೆ ಮರಳಿ 1860ರಲ್ಲಿ ಆರಂಭವಾದ ಸೈನ್ಯದ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಹೈದರಾಬಾದಿನಲ್ಲಿ ಕಂಡ ರೋಗಗಳ ಅನುಭವವನ್ನು ಅಲ್ಲಿಯ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು.

1885ರಲ್ಲಿ ಬಂದ ಎಡ್ವರ್ಡ್ ಲಾರೀ ಬೇರೆ ರೀತಿಯ ಮನುಷ್ಯ. ಇವರೂ ಎಡಿನ್‌ಬರೋದಲ್ಲೇ ಓದಿದವರು, ಅಲ್ಲಿನ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಶಿಷ್ಯರು, ಲಾಹೋರಿನ ವೈದ್ಯಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. 1901ರವರೆಗೆ ಹೈದರಾಬಾದಿನ ಶಾಲೆಯ ಚುಕ್ಕಾಣಿ ಇವರ ಕೈಯಲ್ಲಿತ್ತು. ಇವರ ಕಾಲದಲ್ಲಿ ಬೋಧನೆ ಉರ್ದುವಿನಿಂದ ಇಂಗ್ಲಿಷಿಗೆ ಹೋಯಿತು. ಹೆಣ್ಣುಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಿತು. ಅವರಲ್ಲೊಬ್ಬರಾದ ರೂಪಾಬಾಯಿ ಫರ್ದೂನ್‌ಜೀ ಅರಿವಳಿಕೆ ಕೊಡುವುದರಲ್ಲಿ ಪಳಗಿ, ಮುಂದೆ ಎಡಿನ್‌ಬರೋಗೂ ಹೋಗಿ ಬಂದರು. ಅರಿವಳಿಕೆಯ ಕೆಲಸವನ್ನೇ ಕೈಗೊಂಡ ಜಗತ್ತಿನ ಮೊದಲ ಮಹಿಳೆಯರಲ್ಲಿ ಅವರ ಹೆಸರಿದೆ. ಲಾರೀ ಅವರ ಈ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಗುರುವಿನ ಗುರು ಯಾರೆಂಬ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೂ ಲಾರೀ ಅವರೇ ಉದಾಹರಣೆ. ಕ್ಲೋರೋಫಾರ್ಮ್ ಕೊಡುವಾಗ ರೋಗಿಯ ಉಸಿರಾಟವನ್ನು ಮಾತ್ರ ನೋಡಿಕೊಳ್ಳಿ, ನಾಡಿಯ ಚಿಂತೆ ಬೇಡ ಎಂದು ಸೈಮ್ ಕಲಿಸಿದ್ದರು. ಲಾರೀ ಅದನ್ನು ಮಂತ್ರದಂತೆ ನಂಬಿದರು. ನಂಬಿಕೆಯನ್ನು ರುಜುವಾತು ಮಾಡಲು 1888ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಏರ್ಪಟ್ಟಿತು. ಅದರ ತೀರ್ಮಾನವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪದಿದ್ದಾಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡು ಕೊಟ್ಟು, ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯರನ್ನು ಕರೆಸಿದರು. 1889ರಲ್ಲಿ ಎರಡನೆಯ ಕಮಿಷನ್ ನೂರಾರು ನಾಯಿ, ಮಂಗಗಳ ಮೇಲೆ ಪ್ರಯೋಗ ಮಾಡಿ, ಹೃದಯ ನಿಲ್ಲುವ ಮೊದಲು ಉಸಿರಾಟವೇ ನಿಲ್ಲುತ್ತದೆ ಎಂದು ಹೇಳಿತು. ಸೈಮ್ ಅವರ ಮಾತು ಗೆದ್ದಂತಾಯಿತು. 1911ರಲ್ಲಿ ಲೆವಿ ಎಂಬ ವಿಜ್ಞಾನಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಸ್ವಲ್ಪವೇ ಇದ್ದಾಗಲೂ ಹೃದಯ ಲಯ ತಪ್ಪಿ ತಟ್ಟನೆ ನಿಲ್ಲಬಹುದೆಂದು ತೋರಿಸಿಕೊಟ್ಟರು. ಎಡಿನ್‌ಬರೋದ ಒಬ್ಬ ಗುರುವಿನ ಮಾತು ಹೈದರಾಬಾದಿನ ಶಾಲೆಯ ಸಿದ್ಧಾಂತವಾಗಿ, ಅಲ್ಲಿ ಕಲಿತವರ ಕೈಯಲ್ಲಿ ಜಿಲ್ಲೆ ಜಿಲ್ಲೆಗಳ ಆಸ್ಪತ್ರೆಗಳಿಗೆ ತಲುಪುವ ದಾರಿ ಹೀಗಿತ್ತು.

ಇದೇ ಲಾರೀ ಮಲೇರಿಯಾದ ಕ್ರಿಮಿಯನ್ನೂ ನಂಬಲಿಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ಕ್ರಿಮಿಯನ್ನು ಕಂಡದ್ದು ಪಕ್ಕದ ಸಿಕಂದರಾಬಾದಿನಲ್ಲಿ. ರಾಸ್ ಯಾವ ಕಾಲೇಜಿನ ಪ್ರಾಧ್ಯಾಪಕರೂ ಅಲ್ಲ, ಮದ್ರಾಸ್ ಪದಾತಿ ದಳವೊಂದರ ಡಾಕ್ಟರು. ಲಂಡನ್ನಿನಲ್ಲಿ ಓದಿದ್ದರೂ ಅವರಿಗೆ ಸೂಕ್ಷ್ಮದರ್ಶಕದ ಹುಚ್ಚು ಹತ್ತಿಸಿದವರು ಪ್ಯಾಟ್ರಿಕ್ ಮ್ಯಾನ್ಸನ್. ದೊಡ್ಡ ಕುರ್ಚಿಯಲ್ಲಿದ್ದವರಿಗೆ ಕಾಣದ್ದು ದಳದ ಡಾಕ್ಟರಿಗೆ ಕಂಡಿತು. ಚಳಿಜ್ವರದಲ್ಲಿ ನಡುಗುತ್ತಿದ್ದ ನಮ್ಮ ಹಳ್ಳಿಗಳಿಗೆ ಇದು ದೂರದ ಜಗಳವಾಗಿರಲಿಲ್ಲ.

ಇಂಗ್ಲಿಷಿಗೆ ಹೋದ ಶಾಲೆ ಮತ್ತೆ ಉರ್ದುವಿಗೆ ಬಂದದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲದಲ್ಲಿ. 1917ರಲ್ಲಿ ಮೌಲ್ವಿ ಅಬ್ದುಲ್ ಹಕ್ ಅವರ ಮೇಲ್ವಿಚಾರಣೆಯಲ್ಲಿ ದಾರುತ್ತರ್ಜುಮಾ, ಅಂದರೆ ಅನುವಾದ ಇಲಾಖೆ, ಆರಂಭವಾಯಿತು. 1918ರಲ್ಲಿ ಏಳನೆಯ ನಿಜಾಮರ ಫರ್ಮಾನಿನಿಂದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1920ರ ದಶಕದಲ್ಲಿ ವೈದ್ಯಶಾಲೆ ಉಸ್ಮಾನಿಯಾ ಮೆಡಿಕಲ್ ಕಾಲೇಜಾಗಿ ಅದರ ಭಾಗವಾಯಿತು. ಅಂಗರಚನೆ, ಶರೀರಕ್ರಿಯೆ, ಶಸ್ತ್ರಚಿಕಿತ್ಸೆಗಳ ಪಠ್ಯಗಳು ಉರ್ದುವಿಗೆ ಬಂದವು. ಭಾರತದ ಭಾಷೆಯೊಂದರಲ್ಲಿ ಆಧುನಿಕ ವೈದ್ಯವನ್ನು ಪದವಿ ಮಟ್ಟದಲ್ಲಿ ಕಲಿಸಿದ ದೊಡ್ಡ ಪ್ರಯೋಗ ಅದು. 2022ರಲ್ಲಿ ಮಧ್ಯಪ್ರದೇಶ ಸರ್ಕಾರ ಹಿಂದಿಯಲ್ಲಿ ಎಂಬಿಬಿಎಸ್ ಪಠ್ಯಗಳನ್ನು ಹೊರತಂದಾಗ ಅದನ್ನು ಹೊಸದೆಂಬಂತೆ ಹೇಳಿದವರು ಉಸ್ಮಾನಿಯಾವನ್ನು ನೆನೆಯಲಿಲ್ಲ.

ಈ ಪ್ರಯೋಗದೊಳಗಿನ ಒಂದು ವಿಚಿತ್ರವನ್ನು ಗಮನಿಸಬೇಕು. ಉರ್ದುವಿನಲ್ಲಿ ಪಾಠ ಹೇಳಬೇಕಾದ ಮೊದಲ ತಲೆಮಾರಿನ ಅಧ್ಯಾಪಕರು ಲಾರೀ ನಂತರದ ಇಂಗ್ಲಿಷ್ ಶಾಲೆಯಲ್ಲೋ, ಬ್ರಿಟನ್ನಿನಲ್ಲೋ ಕಲಿತವರು. ತಾವು ಒಂದು ಭಾಷೆಯಲ್ಲಿ ಕಲಿತು ಇನ್ನೊಂದರಲ್ಲಿ ಕಲಿಸುವ ಕಷ್ಟ ಅವರ ಪಾಲಿಗೆ ಬಂತು. ಪುಸ್ತಕದ ಪಾರಿಭಾಷಿಕ ಪದಗಳೋ ಅರಬ್ಬಿ, ಫಾರಸಿಯ ಭಾರದಿಂದ ಬಗ್ಗಿದವು. ಲಿಂಗಸುಗೂರಿನ ಹುಡುಗನ ಸ್ಥಿತಿಯನ್ನು ಯೋಚಿಸಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಕಾಲೇಜಿಗೆ ಹೋದರೆ ಫಾರಸಿ ತುಂಬಿದ ಉರ್ದು. ಮುಸ್ಲಿಮರ ಮಕ್ಕಳಿಗೂ ಅದೇನು ತಾಯ್ನುಡಿಯಾಗಿರಲಿಲ್ಲ. ನಮ್ಮ ಮನೆಗಳ ಮಾತು ದಖನಿ, ಅದರಲ್ಲಿ ಅರ್ಧ ಕನ್ನಡ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು. ರಾಜ್ಯದ ಹೆಚ್ಚಿನ ಜನರ ಭಾಷೆ ತೆಲುಗು, ಮರಾಠಿ, ಕನ್ನಡ. ಇಂಗ್ಲಿಷನ್ನು ಬಿಟ್ಟದ್ದು ಧೈರ್ಯದ ಕೆಲಸ. ಆದರೆ ಬಿಟ್ಟ ಜಾಗದಲ್ಲಿ ದರಬಾರಿನ ಭಾಷೆಯನ್ನು ಕೂರಿಸಿದ್ದರಿಂದ ಹಳ್ಳಿಯ ಹುಡುಗನಿಗೆ ಮೆಟ್ಟಿಲು ಕಡಿಮೆಯಾಗಲಿಲ್ಲ.

ಹಾಗೆಂದು ಉರ್ದುವಿನ ಋಣವನ್ನು ಅಲ್ಲಗಳೆಯಲಾಗದು. ದವಾಖಾನೆ, ಮುಲಾಮು, ಜುಲಾಬು, ಆರಾಮ, ಹುಷಾರು ಇವೆಲ್ಲ ಆ ಬಾಗಿಲಿನಿಂದಲೇ ನಮ್ಮ ಕನ್ನಡಕ್ಕೆ ಬಂದ ಮಾತುಗಳು. ಇವತ್ತಿಗೂ ಮಸ್ಕಿಯ ಅಜ್ಜಿ ಡಾಕ್ಟರ ಮುಂದೆ ಕುಳಿತು ‘ಆರಾಮಿಲ್ರೀ’ ಎಂದೇ ಮಾತು ಶುರು ಮಾಡುತ್ತಾಳೆ. ಪುಸ್ತಕದ ಭಾರವಾದ ಪದಗಳು ಕಾಲೇಜಿನಲ್ಲೇ ಉಳಿದವು, ರೋಗಿಗೆ ಬೇಕಾದವು ಜನರ ಬಾಯಿಗೆ ಬಂದವು.

ಅದೇ ಕಾಲಕ್ಕೆ ದೆಹಲಿಯಲ್ಲಿ ಇನ್ನೊಂದು ಮಾದರಿ ಇತ್ತು. ಹಕೀಮ್ ಅಜ್ಮಲ್ ಖಾನ್ ಯಾವ ವಿಶ್ವವಿದ್ಯಾಲಯದ ಪದವೀಧರರೂ ಅಲ್ಲ. ಮನೆತನದ ಹಿರಿಯರಿಂದ ಯುನಾನಿ ವೈದ್ಯವನ್ನು ಕಲಿತವರು. ಅವರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಒಂದೇ ಆವರಣದಲ್ಲಿ ಆಯುರ್ವೇದಕ್ಕೂ ಯುನಾನಿಗೂ ಜಾಗ ಕೊಟ್ಟ ಅಜ್ಮಲ್ ಖಾನ್, ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿದ ಸಲೀಮುಜ್ಜಮಾನ್ ಸಿದ್ದೀಕಿ ಅವರಿಗೆ ಸಂಶೋಧನೆಯ ಹೊಣೆ ಒಪ್ಪಿಸಿದರು. 1931ರಲ್ಲಿ, ಅಜ್ಮಲ್ ಖಾನ್ ತೀರಿಕೊಂಡ ಮೇಲೆ, ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ಸತ್ವಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದು ಮುಂದೆ ಹೃದಯದ ಲಯಕ್ಕೆ ಸಂಬಂಧಿಸಿದ ಔಷಧಿಯಾಯಿತು. ತಾನು ಕಲಿಯದ ವಿದ್ಯೆಗೂ ಮರ್ಯಾದೆ ಕೊಡುವ ಮುಖ್ಯಸ್ಥ ಎಂಥ ಕೆಲಸ ಮಾಡಬಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಮೆರಿಕದ ಕಥೆ ಇದಕ್ಕೆ ವಿರುದ್ಧದ್ದು. ಅಬ್ರಹಾಂ ಫ್ಲೆಕ್ಸ್‌ನರ್ ವೈದ್ಯರಲ್ಲ, ಶಾಲಾಮೇಷ್ಟ್ರು. ತಾವು ಓದಿದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವನ್ನೇ ಅಳತೆಗೋಲು ಮಾಡಿಕೊಂಡು ಅವರು 1910ರಲ್ಲಿ ಕೊಟ್ಟ ವರದಿಯ ನಂತರ ಅನೇಕ ಕಳಪೆ ಕಾಲೇಜುಗಳು ಮುಚ್ಚಿದವು. ಅದು ಒಳ್ಳೆಯದೇ ಆಯಿತು. ಆದರೆ ಕರಿಯರಿಗಾಗಿ ಇದ್ದ 7 ಕಾಲೇಜುಗಳಲ್ಲಿ 5 ಮುಚ್ಚಿ ಎರಡೇ ಉಳಿದವು. ಗುಣಮಟ್ಟದ ಅಳತೆಗೋಲನ್ನು ಹಿಡಿದವರ ಕಣ್ಣಿಗೆ ದೂರದ ರೋಗಿ ಕಾಣದಿದ್ದರೆ ಆಗುವ ಅನ್ಯಾಯ ಇದು.

ಮತ್ತೆ ನಮ್ಮ ನೆಲಕ್ಕೆ ಬರೋಣ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಂದಿಗೆ ಸೇರಿತು. ಉಸ್ಮಾನಿಯಾದ ಬೋಧನೆ ಮತ್ತೊಮ್ಮೆ ಇಂಗ್ಲಿಷಿಗೆ ಹೊರಳಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಕನ್ನಡಿಗರು ಒಂದಾದದ್ದು ಸಂತೋಷದ ವಿಷಯವೇ. ಆದರೆ ನೂರು ವರ್ಷ ಹೈದರಾಬಾದಿನ ಕಡೆ ಮುಖ ಮಾಡಿದ್ದ ಜಿಲ್ಲೆ ಒಂದೇ ದಿನದಲ್ಲಿ ಬೆಂಗಳೂರಿನ ಕಡೆ ತಿರುಗಬೇಕಾಯಿತು. ಬೆಂಗಳೂರು ಮೆಡಿಕಲ್ ಕಾಲೇಜು ಆಗಿನ್ನೂ ಎಳೆಯದು. 1955ರಲ್ಲಿ ಅದನ್ನು ಆರಂಭಿಸಿದವರಲ್ಲಿ ಡಾ. ಮೇಖ್ರಿ ಅವರೊಡನೆ ಡಾ. ಆರ್. ಶಿವರಾಂ ಇದ್ದರು. ಇವರು ‘ಕೊರವಂಜಿ’ಯ ಸಂಪಾದಕ ರಾ.ಶಿ. ಎಂಬುದು ಹಳೆಯ ಓದುಗರಿಗೆ ಗೊತ್ತು. ಕನ್ನಡದಲ್ಲಿ ನಗಿಸಬಲ್ಲ ವೈದ್ಯರೊಬ್ಬರು ಕಟ್ಟಿದ ಕಾಲೇಜಿನಲ್ಲೂ ಪಾಠದ ಭಾಷೆ ಇಂಗ್ಲಿಷೇ ಆಯಿತು. ನಮಗೆ ಹತ್ತಿರವಾಗಿ 1961ರಲ್ಲಿ ಬಳ್ಳಾರಿಯ ಸರ್ಕಾರಿ ಕಾಲೇಜು, 1963ರಲ್ಲಿ ಗುಲಬರ್ಗಾದಲ್ಲಿ ಮಹಾದೇವಪ್ಪ ರಾಂಪುರೆ ಅವರ ಹೆಸರಿನ ಕಾಲೇಜು ಬಂದವು. ಸಿಂಧನೂರಿನವರಿಗೆ ಹೊಳೆ ದಾಟಿದರೆ ಬಳ್ಳಾರಿ. ಈ ಭಾಗದ ಹಲವು ಡಾಕ್ಟರುಗಳು ಅಲ್ಲಿಂದಲೇ ಬಂದರು. ನಮ್ಮದೇ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕಾಲೇಜು, ರಾಯಚೂರಿನ ರಿಮ್ಸ್, ಆರಂಭವಾಗಲು 2007 ಬರಬೇಕಾಯಿತು. ರಾಜ್ಯ ಸೇರಿ ಅರ್ಧ ಶತಮಾನ ಕಳೆದಿತ್ತು.

ಅಷ್ಟರಲ್ಲಿ ಆಡಳಿತದ ರೀತಿಯೂ ಬದಲಾಗಿತ್ತು. ವೈದ್ಯಕೀಯಕ್ಕೇ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ವಿಚಾರ 1986ರಲ್ಲಿ ವಿಜಯವಾಡದಲ್ಲಿ ಮೊದಲು ರೂಪ ಪಡೆಯಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಆರಂಭವಾಗಿ, ಅಲ್ಲಿಯವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದ ನಮ್ಮ ಭಾಗದ ಕಾಲೇಜುಗಳೂ ಅದರ ಅಡಿಗೆ ಹೋದವು. ವೈದ್ಯ, ದಂತವೈದ್ಯ, ಆಯುರ್ವೇದ, ಯುನಾನಿ, ಹೋಮಿಯೋಪತಿ, ಔಷಧ ವಿಜ್ಞಾನ, ದಾದಿಯರ ಶಿಕ್ಷಣ ಎಲ್ಲವೂ ಒಂದೇ ಸೂರಿನ ಕೆಳಗೆ ಬಂದವು.

ಅದರ ಕುಲಪತಿಗಳ ಹಿನ್ನೆಲೆಯನ್ನು ನೋಡಿದರೆ ಸಂತೋಷಪಡುವ ಸಂಗತಿಗಳಿವೆ. ಮೊದಲ ಕುಲಪತಿ ಡಾ. ಎಸ್. ಕಾಂತಾ ಮಹಿಳೆ. ಮುಂದೆ ಬಂದ ಡಾ. ಪಿ.ಎಸ್. ಪ್ರಭಾಕರನ್ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಶಸ್ತ್ರವೈದ್ಯರು. ಡಾ. ಎಸ್. ರಮಾನಂದ ಶೆಟ್ಟಿ ದಂತವೈದ್ಯರು. ಡಾ. ಕೆ.ಎಸ್. ರವೀಂದ್ರನಾಥ್ ಹೃದ್ರೋಗ ತಜ್ಞರು, ಡಾ. ಎಸ್. ಸಚ್ಚಿದಾನಂದ ಚರ್ಮರೋಗ ತಜ್ಞರು, ಡಾ. ಎಂ.ಕೆ. ರಮೇಶ್ ಶಸ್ತ್ರವೈದ್ಯರು. ಇವರೆಲ್ಲ ಎಡಿನ್‌ಬರೋದಿಂದ ಬಂದವರಲ್ಲ, ಈ ದೇಶದ ಸಾರ್ವಜನಿಕ ಆಸ್ಪತ್ರೆಗಳಲ್ಲೇ ಬೆಳೆದವರು. ದಂತವೈದ್ಯರೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದು ಸಣ್ಣ ಮಾತಲ್ಲ.

ಆದರೂ ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಇವರು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಒಂದೊಂದು ಅಂಗದ ತಜ್ಞರು. ಊರಿನ ಕುಡಿಯುವ ನೀರು, ಬಸುರಿ ಹೆಂಗಸಿನ ರಕ್ತಹೀನತೆ, ಮಗುವಿನ ತೂಕ, ಹೊಲದಲ್ಲಿ ಹಾವು ಕಚ್ಚಿದವನಿಗೆ ಸಿಗಬೇಕಾದ ಮದ್ದು, ಇವನ್ನು ಓದುವ ಸಮುದಾಯ ವೈದ್ಯದಿಂದ ಬಂದವರು ಈ ಸಾಲಿನಲ್ಲಿಲ್ಲ. ರೋಗಿಯ ಪಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವ ದಾದಿಯರ ಕ್ಷೇತ್ರದವರಿಲ್ಲ. ಯುನಾನಿ, ಆಯುರ್ವೇದದವರಿಲ್ಲ. ಒಂದೇ ಸೂರಿನ ಕೆಳಗೆ ಎಲ್ಲರಿದ್ದರೂ ಮನೆಯ ಯಜಮಾನಿಕೆ ಒಂದು ಕೋಣೆಯವರಲ್ಲೇ ಉಳಿಯಿತು. ವ್ಯಕ್ತಿಗಳನ್ನು ದೂರಲು ಈ ಮಾತಲ್ಲ. ನಿಯಮಗಳು ಅಳೆಯುವುದೇ ಹಾಗೆ. ಕಾಲೇಜಿನ ಮುಖ್ಯಸ್ಥರಾಗಲು ಸ್ನಾತಕೋತ್ತರ ಪದವಿ, ಇಷ್ಟು ವರ್ಷದ ಬೋಧನೆ, ಪ್ರಾಧ್ಯಾಪಕರಾಗಿ ಇಷ್ಟು ವರ್ಷ ಎಂದು ಲೆಕ್ಕ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಹೆರಿಗೆ ಮಾಡಿಸಿದ ವರ್ಷಗಳಿಗೆ ಆ ಲೆಕ್ಕದಲ್ಲಿ ಬಹುಕಾಲ ಜಾಗವೇ ಇರಲಿಲ್ಲ.

2025ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. 220 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ದುಡಿದ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು ಎಂದಿತು. ಸ್ವಾಗತಿಸಬೇಕಾದ ಹೆಜ್ಜೆ. ಆದರೆ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಜಿಲ್ಲಾ ಆಸ್ಪತ್ರೆಯ ಅನುಭವ ಅನುಭವವಾಯಿತು. ಸಿಂಧನೂರು, ಲಿಂಗಸುಗೂರಿನಂಥ ಊರಿನ ಅನುಭವ ಈಗಲೂ ಬಾಗಿಲ ಹೊರಗೇ ನಿಂತಿದೆ.

ವಿದ್ಯಾರ್ಥಿಗಳ ಕಡೆಯ ಬಾಗಿಲು ಮಾತ್ರ ತಕ್ಕಮಟ್ಟಿಗೆ ತೆರೆದಿದೆ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಂತೆ ಈ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿ ಸಿಕ್ಕಿತು. ಅದರಿಂದ ರೈತರ, ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮನೆಯ ಹುಡುಗ ಹುಡುಗಿಯರು ಬಿಳಿ ಕೋಟು ತೊಟ್ಟಿದ್ದಾರೆ. 2019ರ ಹೊಸ ಪಠ್ಯಕ್ರಮ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂದಿತು. 1846ರಲ್ಲಿ ಮ್ಯಾಕ್ಲೀನ್ ಅವರಿಗೆ ತಿಳಿದಿದ್ದ ವಿಷಯ ಇದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿ ನಡೆಯಿತು. ಜನ ಕೇಳಿದ್ದು ಕಟ್ಟಡವನ್ನಷ್ಟೇ ಅಲ್ಲ, ಬೆಂಗಳೂರಿಗೋ ಹೈದರಾಬಾದಿಗೋ ಆಂಬುಲೆನ್ಸಿನಲ್ಲಿ ಹೋಗದೆ ಬದುಕುವ ಹಕ್ಕನ್ನು.

ಇಲ್ಲೊಂದು ಸಣ್ಣ ಸಂಗತಿಯನ್ನು ಹೇಳಬೇಕು. ತೆಲಂಗಾಣ ಪ್ರತ್ಯೇಕವಾದ ಮೇಲೆ ಉಸ್ಮಾನಿಯಾ ಮೆಡಿಕಲ್ ಕಾಲೇಜು ಸೇರಿರುವ ಆರೋಗ್ಯ ವಿಶ್ವವಿದ್ಯಾಲಯ ವರಂಗಲ್ಲಿನಲ್ಲಿದೆ. ಅದಕ್ಕೆ ಇಟ್ಟ ಹೆಸರು ಯಾವ ವೈದ್ಯರದೂ ಅಲ್ಲ, ಕವಿ ಕಾಳೋಜಿ ನಾರಾಯಣರಾವ್ ಅವರದು. ನಿಜಾಮರ ಆಳ್ವಿಕೆಯನ್ನು ಎದುರಿಸಿ ಜೈಲು ಕಂಡ, ಜನರ ಆಡುಮಾತಿನ ಪರವಾಗಿ ನಿಂತ ಈ ತೆಲುಗು ಕವಿ 1914ರಲ್ಲಿ ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ. ವೈದ್ಯವಿದ್ಯೆಗೂ ಜನರ ಮಾತಿಗೂ ಇರಬೇಕಾದ ನಂಟನ್ನು ಆ ಹೆಸರು ನೆನಪಿಸುತ್ತದೆ.

ಎಡಿನ್‌ಬರೋ ಪದವಿ ಕೆಟ್ಟದ್ದಲ್ಲ, ಉರ್ದು ಪಾಠ ಕೆಟ್ಟದ್ದಲ್ಲ, ಬೆಂಗಳೂರಿನ ತಜ್ಞತೆ ಕೆಟ್ಟದ್ದಲ್ಲ. ಒಂದೇ ಬಗೆಯಲ್ಲಿ ಕಲಿತವರು ಎಲ್ಲವನ್ನೂ ತೀರ್ಮಾನಿಸುವುದು ಕೆಟ್ಟದ್ದು. ಮೀಸಲಾತಿಯಿಂದ ಇಂದು ಓದುತ್ತಿರುವ ನಮ್ಮ ಭಾಗದ ಮಕ್ಕಳಲ್ಲಿ ಕೆಲವರಾದರೂ ಮುಂದೆ ಪ್ರಾಧ್ಯಾಪಕರಾಗಬೇಕು, ಪ್ರಾಂಶುಪಾಲರಾಗಬೇಕು, ಕುಲಪತಿಗಳಾಗಬೇಕು. ಅದಕ್ಕೆ ಮೊದಲು ಅವರು ತಮ್ಮದೇ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದಿರಬೇಕು, ಆ ವರ್ಷಗಳನ್ನು ಸರ್ಕಾರ ಬೋಧನೆಯ ಅನುಭವಕ್ಕೆ ಸಮನಾಗಿ ಲೆಕ್ಕ ಹಿಡಿಯಬೇಕು. ಸೀಟು ಕೊಡಿ ಎಂದು ಕೇಳಲು ನಮ್ಮ ಜನ ಕಲಿತಿದ್ದಾರೆ. ಕುರ್ಚಿಯಲ್ಲಿ ಕೂರುವವರ ಅರ್ಹತೆಯ ಪಟ್ಟಿಗೆ ಇದೊಂದು ಸಾಲನ್ನು ಸೇರಿಸಿ ಎಂದು ಕೇಳುವುದು ಇನ್ನು ಬಾಕಿ ಇದೆ.